ಆರು ಜನ, ಒಂದು ಟ್ರಂಕು, ಅವ್ವನ ಮಂಡಿ: ಮೈಸೂರಿಂದ ಪುಣೆಗೆ ಯಾವ ಸಣ್ಣ ವಿಮಾನ?

ಅಮ್ಮತ್ತಿ ತೋಟ

ಎಲ್ಲರಿಗೂ ನಮಸ್ಕಾರ. ವಿಮಾನದ ವಿಷಯ ಗೊತ್ತಿರುವವರು ಇಲ್ಲಿ ಒಂದಿಬ್ಬರು ಇದ್ದೀರಿ ಅನ್ನೋ ಧೈರ್ಯದಲ್ಲಿ ಕೇಳ್ತಿದ್ದೀನಿ.

ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಮುಗಿದ ಮೇಲೆ ಪುಣೆಯಲ್ಲಿ ಅಕ್ಕನ ಮಗಳ ಮದುವೆ. ಅವ್ವನಿಗೆ 79 ವರ್ಷ. ಹೋದ ವರ್ಷ ಸೊಂಟದ ಆಪರೇಷನ್ ಆಗಿದೆ, ಮಂಡಿನೋವು ಅದಕ್ಕಿಂತ ಹಳೇದು. ಬೆಂಗಳೂರಿನವರೆಗೆ ಕಾರಲ್ಲಿ ಕೂತು, ದೊಡ್ಡ ಏರ್‌ಪೋರ್ಟಲ್ಲಿ ಕಾದು, ಮತ್ತೆ ವಿಮಾನ ಹತ್ತೋದು ತನ್ನ ಕೈಲಾಗಲ್ಲ ಅಂದ್ರು. "ನೀವು ಹೋಗಿ ಬನ್ನಿ, ನಾನು ಇಲ್ಲಿಂದಲೇ ಅಕ್ಕಿ ಹಾಕಿ ಹರಸ್ತೀನಿ" ಅಂದ್ರು. ಅದು ಕೇಳಿ ಹೊರದೇಶದಲ್ಲಿರೋ ತಂಗಿ ಫೋನಲ್ಲೇ ಅತ್ತುಬಿಟ್ಟಳು. ಮೈಸೂರಿಂದಲೇ ಸಣ್ಣ ವಿಮಾನ ಬಾಡಿಗೆಗೆ ಮಾಡಿ, ದುಡ್ಡು ನಾನು ಕಳಿಸ್ತೀನಿ ಅಂತ ಹಟ ಹಿಡಿದಿದ್ದಾಳೆ.

ನಾವು ಆರು ಜನ. ಏಜೆಂಟ್ ಮೂರು ಹೆಸರು ಕೊಟ್ಟಿದ್ದಾರೆ: ಸೆನೆಕಾ, ಕಿಂಗ್ ಏರ್ ಸಿ90, ಪಿಲಾಟಸ್ ಪಿಸಿ-12. ಮೂರಕ್ಕೂ "ಆರು ಜನ ಆರಾಮಾಗಿ ಹೋಗಬಹುದು" ಅನ್ನೋ ಒಂದೇ ಮಾತು. ರೇಟು ಮಾತ್ರ ಒಂದಕ್ಕೊಂದು ಸಂಬಂಧವಿಲ್ಲ.

ಸಾಮಾನು: ಸೀರೆಯ ಟ್ರಂಕು, ಗಂಡಸರ ಕುಪ್ಯ (ನಮ್ಮ ನಿಲುವಂಗಿ), ಚೇಲೆ (ಸೊಂಟಪಟ್ಟಿ), ಪೀಚೆಕತ್ತಿ (ಸೊಂಟಕ್ಕೆ ಸಿಕ್ಕಿಸೋ ಸಣ್ಣ ಕತ್ತಿ), ಅವ್ವನ ಮಡಚುವ ವೀಲ್‌ಚೇರ್, ವಾಕರ್, ಕಾಫಿಪುಡಿ, ಕರಿಮೆಣಸು, ಜೇನು, ಕಾಚಂಪುಳಿ (ಅಡುಗೆಗೆ ಹಾಕೋ ಕಪ್ಪು ಹುಳಿರಸ), ಮನೆಯಲ್ಲಿ ಮಾಡಿದ ವೈನ್. ಆಮೇಲೆ ಆರು ಜನರ ಬಟ್ಟೆ ಬ್ಯಾಗು.

ಅವ್ವ ಎಲ್ಲಿ ಆರಾಮಾಗಿ ಕೂರಬಹುದು? ಇಷ್ಟು ಸಾಮಾನು ಯಾವುದರಲ್ಲಿ ಹಿಡಿಯುತ್ತೆ?

ಮೂರ್ನಾಡು ಮಂಜು

ದುಡ್ಡು ಕೊಡೋರು ಇದ್ದಾಗ ಕೇಳೋದೇನು, ದೊಡ್ಡದನ್ನೇ ಮಾಡಿ.

ಜಕ್ಕೂರು ಕಲಿಕೆ

ಅಣ್ಣ, ಮೊದಲು ಸೆನೆಕಾ ಬಿಟ್ಟುಬಿಡಿ. ಅದರಲ್ಲಿ ಆರು ಸೀಟು ಅಂದರೆ ಪೈಲಟ್ ಸೀಟೂ ಸೇರಿ ಆರು. ನೀವು ಆರು ಜನ ಕೂತರೆ ಓಡಿಸೋರು ಯಾರು? ಏಜೆಂಟ್ ಅದನ್ನ ಹೇಳದೇ ಇದ್ದದ್ದು ತಪ್ಪು.

ನಾನು ಸೆಸ್ನಾ 172ರಲ್ಲಿ ಹಾರೋದು ಕಲಿತಿದ್ದೀನಿ. ಅದರ ಲೆಕ್ಕ ಹೇಳಿದರೆ ಉಳಿದದ್ದೂ ಅರ್ಥ ಆಗುತ್ತೆ. ನಾಲ್ಕು ಸೀಟಿನ ವಿಮಾನ. ಮೇಲೇಳುವಾಗ ಒಟ್ಟು ತೂಕ 1,157 ಕೆಜಿ ದಾಟಬಾರದು. ಖಾಲಿ ವಿಮಾನವೇ 760 ಕೆಜಿ ಹತ್ತಿರ ಇರುತ್ತೆ. ಟ್ಯಾಂಕು ತುಂಬಿದರೆ ಸುಮಾರು 200 ಲೀಟರ್ ಪೆಟ್ರೋಲು, ಅದು 144 ಕೆಜಿ. ಉಳಿಯೋದು ಕಾಲು ಟನ್. ನಾಲ್ಕು ಜನ ಗಟ್ಟಿಮುಟ್ಟಾದವರು ಕೂತರೆ ಕೈಚೀಲಕ್ಕೂ ಜಾಗ ಇಲ್ಲ. ಹಿಂದಿನ ಲಗೇಜು ಜಾಗದ ಮಿತಿ 54 ಕೆಜಿ, ಅದರಲ್ಲೂ ತೀರಾ ಹಿಂದಿನ ಪಟ್ಟಿಗೆ 23 ಕೆಜಿ ಅಷ್ಟೇ.

ಸಣ್ಣ ವಿಮಾನದಲ್ಲಿ ಸೀಟು ಪೂರ್ತಿ, ಟ್ಯಾಂಕು ಪೂರ್ತಿ, ಲಗೇಜು ಪೂರ್ತಿ ಈ ಮೂರೂ ಒಟ್ಟಿಗೆ ಸಿಗಲ್ಲ. ಕಿಂಗ್ ಏರ್‌ಗೂ ಇದೇ ಮಾತು. ಸೀಟು ಎಣಿಸಬೇಡಿ, ತೂಕ ಹಾಕಿ.

ಗೋಣಿಕೊಪ್ಪ ಅಕ್ಕ

ನನಗೆ ಸಣ್ಣ ವಿಮಾನ ಅಂದರೆ ನಟಿ ಸೌಂದರ್ಯ ನೆನಪಾಗ್ತಾರೆ. ವಯಸ್ಸಾದ ತಾಯಿನ ಕೂರಿಸೋ ಮುಂಚೆ ಇನ್ನೊಂದು ಸಲ ಯೋಚನೆ ಮಾಡಿ ತಮ್ಮಾ.

ಜಕ್ಕೂರು ಕಲಿಕೆ

ಅಕ್ಕ, 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರು ರನ್‌ವೇಯಿಂದ ಹೊರಟ ಅವರ ಸೆಸ್ನಾ 180 ಮೇಲೆದ್ದ ಕೂಡಲೇ ಬಿತ್ತು, ನಾಲ್ಕೂ ಜನ ಹೋದರು. ಅದೇ ರನ್‌ವೇಯಲ್ಲಿ ಓಡಾಡಿದವನಿಗೆ ಅದು ಮರೆಯೋ ವಿಷಯ ಅಲ್ಲ. ಆದರೆ ಈಗ ಮಾತಾಡ್ತಿರೋದು ಎರಡು ಪೈಲಟ್ ಕೂರುವ, ಟರ್ಬೈನ್ ಎಂಜಿನಿನ ವಿಮಾನ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಸಂಪಾಜೆ ಘಾಟಿ

ನನಗೆ ವಿಮಾನ ಗೊತ್ತಿಲ್ಲ, ಪಿಕಪ್ ಗೊತ್ತು. ಹದಿನೆಂಟು ವರ್ಷ ಆಯ್ತು ಕಾಫಿ ಲೋಡು ಹೊಡೆಯಲಿಕ್ಕೆ ಶುರು ಮಾಡಿ. 50 ಕೆಜಿ ಚೀಲವನ್ನು ಹಿಂದಿನ ಆಕ್ಸಲ್ ದಾಟಿ ಬಾಗಿಲ ಹತ್ತಿರ ಒಟ್ಟಿದರೆ ಏರಿನಲ್ಲಿ ಮುಂದಿನ ಚಕ್ರ ನೆಲ ಬಿಟ್ಟ ಹಾಗೆ ಆಗ್ತದೆ, ಸ್ಟೇರಿಂಗ್ ಕೈಗೆ ಸಿಗುವುದಿಲ್ಲ ಮಾರಾಯ್ರೆ. ಅದೇ ಚೀಲ, ಅದೇ ತೂಕ, ಕ್ಯಾಬಿನ್‌ಗೆ ತಾಗಿಸಿ ಒಟ್ಟಿ ನೋಡಿ, ಗಾಡಿ ಹೇಳಿದ ಹಾಗೆ ಕೇಳ್ತದೆ. ವಿಮಾನದಲ್ಲೂ ಹೀಗೆಯಾ?

ನಿವೃತ್ತ ವಾಯುಸೈನಿಕ

ಸಂಪಾಜೆಯವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಸರ್ವೀಸಿನಲ್ಲಿ ಸಾಗಾಣಿಕೆ ವಿಮಾನಗಳಿಗೆ ಲೋಡು ಹಾಕಿಸುತ್ತಿದ್ದವನು. ಎಷ್ಟು ತೂಕ ಅನ್ನೋದು ಅರ್ಧ ಮಾತು, ಎಲ್ಲಿ ಇಟ್ಟೆ ಅನ್ನೋದು ಇನ್ನರ್ಧ. ಪ್ರತಿಯೊಂದರ ತೂಕವನ್ನು ಅದು ಇರುವ ದೂರದಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ತೂಕದಿಂದ ಭಾಗಿಸಿದರೆ ವಿಮಾನ ಯಾವ ಜಾಗದಲ್ಲಿ ತೂಗುತ್ತಿದೆ ಅಂತ ಗೊತ್ತಾಗುತ್ತೆ. ಅದು ಮುಂದೆ ಹೋದರೆ ಮೂತಿ ಎತ್ತಲು ಕಷ್ಟ. ಹಿಂದೆ ಹೋದರೆ ಇನ್ನೂ ಅಪಾಯ: ಮೂತಿ ತಾನಾಗಿ ಏಳುತ್ತೆ, ವೇಗ ಬೀಳುತ್ತೆ, ತಳ್ಳಿದರೂ ಇಳಿಯಲ್ಲ. ಪಿಕಪ್‌ಗಾದರೆ ಕೆಳಗೆ ರಸ್ತೆ ಇರುತ್ತೆ.

ಕೆಲವು ವಿಮಾನಗಳಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಬೀಚ್‌ಕ್ರಾಫ್ಟ್ ಬೊನಾಂಜಾದಲ್ಲಿ ಟ್ಯಾಂಕು ರೆಕ್ಕೆಯ ಮುಂಭಾಗದಲ್ಲಿದೆ. ಇಂಧನ ಖಾಲಿಯಾದ ಹಾಗೆ ತೂಕದ ಕೇಂದ್ರ ಹಿಂದಕ್ಕೆ ಸರಿಯುತ್ತೆ. ಹೊರಡುವಾಗ ಸರಿಯಿದ್ದ ಲೆಕ್ಕ ಇಳಿಯುವಾಗ ತಪ್ಪಿರಬಹುದು. ಅದಕ್ಕೇ ಲೋಡ್ ಶೀಟಿನಲ್ಲಿ, ಅಂದರೆ ತೂಕದ ಲೆಕ್ಕದ ಹಾಳೆಯಲ್ಲಿ, ಎರಡೂ ಬರೆಯಬೇಕು.

2001ರ ಆಗಸ್ಟ್ 25ರಂದು ಬಹಾಮಾಸ್‌ನಲ್ಲಿ ಅಮೆರಿಕದ ಗಾಯಕಿ ಆಲಿಯಾ ಮತ್ತು ಜೊತೆಗಿದ್ದ ಎಂಟು ಜನ ಸೆಸ್ನಾ 402ರಲ್ಲಿ ಹೋಗಿಬಿಟ್ಟರು. ತನಿಖೆಯಲ್ಲಿ ತಿಳಿದದ್ದು: ಮಿತಿಗಿಂತ ಸುಮಾರು 300 ಕೆಜಿ ಹೆಚ್ಚು, ಅದೂ ಹಿಂದಕ್ಕೆ ಬಿದ್ದಿತ್ತು. ಆಕೆಗೆ 22 ವರ್ಷ. ಇದನ್ನ ಹೆದರಿಸಲು ಹೇಳುತ್ತಿಲ್ಲ. "ಪರವಾಗಿಲ್ಲ ಹಾಕಿ, ಹೋಗುತ್ತೆ" ಅನ್ನುವ ಏಜೆಂಟನ ಮಾತಿಗೆ ತಲೆಯಾಡಿಸಬೇಡಿ ಅಂತ ಹೇಳುತ್ತಿದ್ದೇನೆ.

ಮೂರ್ನಾಡು ಮಂಜು

ಒಪ್ಪಿದೆ ಸಾರ್. ನನ್ನ ಮಾತು ವಾಪಸ್.

ಪೊನ್ನಂಪೇಟೆ ಫಿಸಿಯೊ

ಅವ್ವನ ವಿಷಯಕ್ಕೆ ಬರ್ತೀನಿ. ಸೊಂಟದ ಆಪರೇಷನ್ ಆದವರನ್ನ ಅಭ್ಯಾಸ ಮಾಡಿಸೋದು ನನ್ನ ಕೆಲಸ. ಒಳಗಿನ ಸೀಟಿನ ಮೆತ್ತೆ ಆಮೇಲಿನ ಮಾತು, ಮೊದಲು ಹತ್ತೋದು ಹೇಗೆ?

ಸಿರಸ್, ಪೈಪರ್ ಥರದ ಕೆಳರೆಕ್ಕೆಯ ವಿಮಾನಕ್ಕೆ ರೆಕ್ಕೆಯ ಮೇಲೆ ಕಾಲಿಟ್ಟು ಹತ್ತಿ, ಅಲ್ಲಿಂದ ಒಳಕ್ಕೆ ಇಳಿದು ಕೂರಬೇಕು. ಸಿರಸ್ ಎಸ್‌ಆರ್22ರ ಒಳಗೆ ಅಗಲ 1.24 ಮೀಟರ್, 172ಕ್ಕಿಂತ ಒಂದು ಗೇಣು ಜಾಸ್ತಿ, ಚೆನ್ನಾಗೇ ಇದೆ. ಆದರೆ 79 ವರ್ಷದವರು, ಅದೂ ನಮ್ಮ ಕಡೆಯಂತೆ ನೆರಿಗೆ ಹಿಂದಕ್ಕೆ ಹಾಕಿ ಸೀರೆ ಉಟ್ಟವರು, ರೆಕ್ಕೆ ಹತ್ತೋದು ಹೇಗೆ? ಆಪರೇಷನ್ ಆದ ಸೊಂಟಕ್ಕೆ ತೀರಾ ತಗ್ಗಿನ ಸೀಟೂ ಒಳ್ಳೇದಲ್ಲ. ಕೂರುವಾಗ ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು.

ಕಿಂಗ್ ಏರ್‌ನಲ್ಲಿ ಎಡಗಡೆ ಹಿಂದೆ ಬಾಗಿಲು. ಬಾಗಿಲೇ ಕೆಳಕ್ಕೆ ಮಡಚಿಕೊಂಡು ಮೆಟ್ಟಿಲಾಗುತ್ತೆ, ಹಿಡಿಕೊಳ್ಳಲು ಆಸರೆ ಇದೆ. ಪಿಸಿ-12ರಲ್ಲೂ ಮುಂದಿನ ಬಾಗಿಲು ಹಾಗೇ. ಮೆಟ್ಟಿಲು ಅವ್ವನಿಗೆ ಆದೀತು. ಒಳಗೆ ಹೋದ ಮೇಲೆ ಬಗ್ಗಿ ನಡೆಯಬೇಕು, ಅದು ಗಮನದಲ್ಲಿರಲಿ.

ಅಮ್ಮತ್ತಿ ತೋಟ

ಬಗ್ಗಿ ಅಂದರೆ ಎಷ್ಟು? ಅವ್ವನಿಗೆ ಬಗ್ಗೋದೇ ಕಷ್ಟ.

ಜಕ್ಕೂರು ಕಲಿಕೆ

ಸಿ90 ಒಳಗೆ ಎತ್ತರ 1.45 ಮೀಟರ್, ಅಗಲ 1.37. ಪಿಸಿ-12ರಲ್ಲಿ ಎತ್ತರ 1.47, ಅಗಲ 1.52. ಎತ್ತರದಲ್ಲಿ ಹೆಚ್ಚುಕಮ್ಮಿ ಒಂದೇ, ಅಗಲದಲ್ಲಿ ಪಿಲಾಟಸ್ ಗೆದ್ದಿತು.

ಪೊನ್ನಂಪೇಟೆ ಫಿಸಿಯೊ

ಮನೆಯಲ್ಲೇ ನೋಡಿಬಿಡಿ. ಒಂದು ಬಿದಿರು ಗಳವನ್ನ ನೆಲದಿಂದ 1.45 ಮೀಟರ್ ಎತ್ತರಕ್ಕೆ ಕಟ್ಟಿ. ಆಚೆಗೆ ಎರಡು ಮೀಟರ್ ದೂರದಲ್ಲಿ ಇನ್ನೊಂದು. ಅವ್ವ ಎರಡರ ಅಡಿಯಲ್ಲೂ ನಡೆದು ಹೋಗಿ ಕುರ್ಚಿಯಲ್ಲಿ ಕೂರಲಿ. ಅರ್ಧ ಗಂಟೆಯ ಕೆಲಸ.

ಸೋಮವಾರಪೇಟೆ ಮೆಣಸು

ಪಿಸಿ-12ಕ್ಕೆ ಒಂದೇ ಎಂಜಿನ್. ನನಗಾದರೆ ಎರಡು ಬೇಕು, ಅಷ್ಟೇ.

ನಿವೃತ್ತ ವಾಯುಸೈನಿಕ

ಭಯ ಸಹಜ. ಆದರೆ ಪಿಸಿ-12, ಕಿಂಗ್ ಏರ್ ಸಿ90, ಸೆಸ್ನಾ ಕ್ಯಾರವಾನ್ ಮೂರರಲ್ಲೂ ಇರೋದು ಪಿಟಿ6 ಅನ್ನೋ ಒಂದೇ ವಂಶದ ಟರ್ಬೈನ್ ಎಂಜಿನ್ನೇ. ಸೆಸ್ನಾ 172 ಥರದ ಪಿಸ್ಟನ್ ಎಂಜಿನಿನ ಭಯವನ್ನ ಅದಕ್ಕೆ ಹೊರಿಸಬೇಡಿ. ಎರಡು ಎಂಜಿನ್ ಬೇಕು ಅನ್ನೋದು ನಿಮ್ಮ ಸಮಾಧಾನಕ್ಕೆ ಅಂದರೆ ನನ್ನ ತಕರಾರಿಲ್ಲ.

ಸೋಮವಾರಪೇಟೆ ಮೆಣಸು

ಸಮಾಧಾನವೂ ಆರಾಮದ ಒಂದು ಭಾಗವೇ ಅಲ್ವಾ ಸಾರ್. ಎರಡು ಗಂಟೆ ಹೊಟ್ಟೆಯಲ್ಲಿ ಸಂಕಟ ಇಟ್ಟುಕೊಂಡು ಮೆತ್ತಗಿನ ಸೀಟಲ್ಲಿ ಕೂತು ಏನು ಸುಖ.

ನಾಪೋಕ್ಲು, ಈಗ ಗಲ್ಫ್

ನಾನು ಕೆಲಸದ ಮೇಲೆ ಕ್ಯಾರವಾನ್‌ನಲ್ಲೂ ಪಿಸಿ-12ರಲ್ಲೂ ಓಡಾಡಿದ್ದೀನಿ. ಕ್ಯಾರವಾನ್‌ನ ಹೊಟ್ಟೆಯ ಅಡಿಗೆ ಉದ್ದದ ಪೆಟ್ಟಿಗೆ ಇರುತ್ತೆ, ಗ್ರಾಂಡ್ ಕ್ಯಾರವಾನ್‌ನಲ್ಲಿ ಅದು ಅರ್ಧ ಟನ್ ಹತ್ತಿರ ಹಿಡಿಯುತ್ತೆ. ನಿಮ್ಮ ಟ್ರಂಕು, ವೀಲ್‌ಚೇರ್ ಎಲ್ಲ ಅಲ್ಲಿ. ಆದರೆ ಕ್ಯಾಬಿನ್ ಒಳಗೆ ಗಾಳಿಯ ಒತ್ತಡ ಕಾಪಾಡೋ ವ್ಯವಸ್ಥೆ ಇಲ್ಲ, ಶಬ್ದ ಜಾಸ್ತಿ, ಮಧ್ಯಾಹ್ನ ಬಿಸಿಲಲ್ಲಿ ಕೆಳಗೇ ಹಾರುವಾಗ ಕುಲುಕಾಟ ತಡೆಯಕ್ಕಾಗಲ್ಲ. ಅವ್ವನಿಗೆ ಬೇಡ.

ಪಿಸಿ-12ರ ಹಿಂದೆ ಬೇರೆಯೇ ಒಂದು ದೊಡ್ಡ ಬಾಗಿಲಿದೆ, 1.35 ಮೀಟರ್ ಅಗಲ, 1.32 ಎತ್ತರ. ಮೋಟಾರ್ ಬೈಕ್ ಒಳಗೆ ಹಾಕಿದ್ದು ಕಣ್ಣಾರೆ ನೋಡಿದ್ದೀನಿ. ಟ್ರಂಕನ್ನು ಓರೆ ಮಾಡೋದೇ ಬೇಡ, ನೇರ ಒಳಗೆ. ಕಿಂಗ್ ಏರ್‌ನಲ್ಲಿ ಜನ ಹತ್ತೋ ಬಾಗಿಲಲ್ಲೇ ಸಾಮಾನೂ ಹತ್ತಬೇಕು, ಹಿಂದಿನ ಮೂಲೆಗೆ ತಿರುಗಿಸಿ ಇಡಬೇಕು. ಗಟ್ಟಿ ಟ್ರಂಕು ಅಲ್ಲಿ ಒದ್ದಾಡುತ್ತೆ. ಮೆತ್ತನೆ ಬ್ಯಾಗಿಗೆ ಹಾಕಿಕೊಳ್ಳಿ.

ಇನ್ನೊಂದು ಮುಖ್ಯ, ಟಾಯ್ಲೆಟ್. ಪಿಸಿ-12ರಲ್ಲಿ ಮುಂದೆ ಹಾಕಿಸಿರ್ತಾರೆ, ಕಿಂಗ್ ಏರ್‌ನಲ್ಲಿ ಹಿಂದೆ. ಎಲ್ಲ ವಿಮಾನದಲ್ಲೂ ಇರುತ್ತೆ ಅಂತಿಲ್ಲ. ನಿಮಗೆ ಬರುವ ಅದೇ ವಿಮಾನದ ಫೋಟೋ ಕೇಳಿ.

ಗೋಣಿಕೊಪ್ಪ ಅಕ್ಕ

ಇದನ್ನ ಗಂಡಸರು ಕೇಳಲ್ಲ, ನಾನೇ ಹೇಳಬೇಕು ಅಂತಿದ್ದೆ. ವಯಸ್ಸಾದವರು ನೀರು ಕುಡಿಯೋದೇ ಬಿಟ್ಟುಬಿಡ್ತಾರೆ, ಟಾಯ್ಲೆಟ್ ಇಲ್ಲ ಅಂತ.

ಆಮೇಲೆ ಮನೆಯ ವೈನ್! ಇನ್ನೂ ಹುಳಿಯೋದು ನಿಂತಿಲ್ಲದ ವೈನನ್ನ ಬಿಗಿಯಾಗಿ ಮುಚ್ಚಿ ಒತ್ತಡ ಇಲ್ಲದ ಜಾಗದಲ್ಲಿ ಇಟ್ಟರೆ ಮುಚ್ಚಳ ಹಾರುತ್ತೆ. ನಮ್ಮ ಮನೆಯವರು ಕಾರಲ್ಲಿ ಊಟಿಗೆ ಒಯ್ದಾಗಲೇ ಹಾರಿತ್ತು, ಸೀಟಿನ ಕಲೆ ಇವತ್ತಿಗೂ ಹೋಗಿಲ್ಲ. ಕಾಚಂಪುಳಿ ಬಾಟಲಿಯನ್ನೂ ಕತ್ತಿನವರೆಗೆ ತುಂಬಿಸಿ, ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತಿ, ನಿಲ್ಲಿಸಿಯೇ ಇಡಿ. ಸೀರೆಗೆ ಬಿದ್ದರೆ ಮುಗೀತು.

ಜಕ್ಕೂರು ಕಲಿಕೆ

ಅಕ್ಕ ಹೇಳಿದ್ದು ಸರಿ. ಕಿಂಗ್ ಏರ್, ಪಿಸಿ-12ರಲ್ಲಿ ಲಗೇಜು ಇರೋದು ಒತ್ತಡ ಇರುವ ಕ್ಯಾಬಿನ್‌ನ ಒಳಗೇ, ಹಾಗಾಗಿ ಅಷ್ಟು ತೊಂದರೆ ಇಲ್ಲ. ಆದರೆ ಅದೇ ಕಾರಣಕ್ಕೆ ಪೀಚೆಕತ್ತಿಯ ಪ್ರಶ್ನೆ ಬರುತ್ತೆ. ದೊಡ್ಡ ವಿಮಾನದಲ್ಲಿ ಚೆಕ್-ಇನ್ ಬ್ಯಾಗಿಗೆ ಹಾಕಿದರೆ ಹೊಟ್ಟೆಗೆ ಹೋಗುತ್ತೆ, ಯಾರ ಕೈಗೂ ಸಿಗಲ್ಲ. ಇಲ್ಲಿ ಲಗೇಜು ಸೀಟಿನ ಬೆನ್ನ ಹಿಂದೇ ಇರುತ್ತೆ. ಬಾಡಿಗೆಗೆ ಕೊಡುವವರಿಗೂ ಮೈಸೂರಿನ ಭದ್ರತಾ ಸಿಬ್ಬಂದಿಗೂ ಮುಂಚೆಯೇ ಹೇಳಿ ಕೇಳಿಕೊಳ್ಳಿ. ಹೊರಡುವ ದಿನ ಗೇಟಿನಲ್ಲಿ ಕತ್ತಿ ಹೊರಗೆ ಬಂದರೆ ಮುಹೂರ್ತದ ಹೊತ್ತಿಗೆ ಪುಣೆ ಮುಟ್ಟಲ್ಲ.

ಮೂರ್ನಾಡು ಮಂಜು

ಕತ್ತಿ ಇಲ್ಲದೆ ಕುಪ್ಯ ಹಾಕಿದರೆ ಅದೇನು ಶೋಭೆ. ಅವರಿಗೆ ಬಿಡಿಸಿ ಹೇಳಿ.

ಕುಶಾಲನಗರ ಹೊಳೆಬದಿ

ನಮ್ಮಲ್ಲೇ ಏರ್‌ಸ್ಟ್ರಿಪ್ ಆಗಿದ್ದರೆ ಇಷ್ಟು ಒದ್ದಾಟ ಇರ್ತಿರಲಿಲ್ಲ. ವರ್ಷಗಳಿಂದ ಮಾತು ಮಾತಲ್ಲೇ ಇದೆ.

ಸೋಮವಾರಪೇಟೆ ಮೆಣಸು

ಏರ್‌ಸ್ಟ್ರಿಪ್ ಯಾರಿಗೆ? ಗದ್ದೆ ಹೋಗುತ್ತೆ, ಆನೆ ಓಡಾಡೋ ಜಾಗ ಹೋಗುತ್ತೆ. ಮಳೆಗಾಲದಲ್ಲಿ ಮೂರು ತಿಂಗಳು ಮೋಡ ನೆಲಕ್ಕೇ ಕೂತಿರುತ್ತೆ. ವಿರಾಜಪೇಟೆ ಕಡೆಯವರಿಗೆ ಕಣ್ಣೂರು ಏರ್‌ಪೋರ್ಟ್ ಇದೆ, 2018ರಿಂದ.

ಕುಶಾಲನಗರ ಹೊಳೆಬದಿ

ರೋಗಿ ಇರೋ ಮನೆಯವರನ್ನ ಕೇಳಿ ಏರ್‌ಸ್ಟ್ರಿಪ್ ಯಾರಿಗೆ ಅಂತ. ರಾತ್ರಿ ಆಂಬ್ಯುಲೆನ್ಸಲ್ಲಿ ಮೈಸೂರು ಮುಟ್ಟೋ ಕಷ್ಟ ಗೊತ್ತಿದ್ದವರು ಹಾಗೆ ಹೇಳಲ್ಲ.

ನಿವೃತ್ತ ವಾಯುಸೈನಿಕ

ಇಬ್ಬರೂ ಬೇರೆ ಕಡೆ ಚರ್ಚೆ ಮಾಡಿ ದಯವಿಟ್ಟು. ಮಡಿಕೇರಿಯಲ್ಲಿ ಅಜ್ಜಮಾಡ ದೇವಯ್ಯನವರ ಪ್ರತಿಮೆ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಅನಿಸುತ್ತೆ, ಏರ್‌ಪೋರ್ಟ್ ಇಲ್ಲದ ಈ ಜಿಲ್ಲೆ ದೇಶಕ್ಕೆ ಎಂಥ ಹಾರಾಟಗಾರನನ್ನ ಕೊಟ್ಟಿತು ಅಂತ. 1965ರ ಸೆಪ್ಟೆಂಬರ್ 7ರಂದು ಹಳೇ ಮಿಸ್ಟೇರ್ ಯುದ್ಧವಿಮಾನದಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ಎದುರಿಸಿದವರು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. 23 ವರ್ಷ ಕಾಯಬೇಕಾಯಿತು, ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತೆ.

ಸರಿ, ವಿಷಯಕ್ಕೆ. ಏಜೆಂಟ್ "ತಲೆಗೆ 75 ಕೆಜಿ ಅಂತ ಹಾಕ್ಕೋತೀವಿ" ಅಂದರೆ ಒಪ್ಪಬೇಡಿ. 2003ರ ಜನವರಿ 8ರಂದು ಅಮೆರಿಕದ ಶಾರ್ಲಟ್‌ನಲ್ಲಿ ಬೀಚ್ 1900 ವಿಮಾನ ಬಿದ್ದು 21 ಜನ ಸತ್ತರು. ಬಾಲದ ಕೇಬಲ್ ರಿಪೇರಿ ತಪ್ಪಾಗಿತ್ತು, ಜೊತೆಗೆ ಸರಾಸರಿ ತೂಕದ ಲೆಕ್ಕ ನಿಜವಾದ ಜನರ ತೂಕಕ್ಕಿಂತ ಕಡಿಮೆ ಇತ್ತು. ಕೇಂದ್ರ ಹಿಂದಕ್ಕೆ ಹೋಗಿತ್ತು. ಅದಾದ ಮೇಲೆ ಅಲ್ಲಿ ಸರಾಸರಿ ಅಂಕಿಯನ್ನೇ ಏರಿಸಿದರು. ಆರೇ ಜನ ಇರುವಾಗ ಸರಾಸರಿ ಯಾಕೆ? ಎಲ್ಲರೂ ತಕ್ಕಡಿ ಹತ್ತಿ, ಬಟ್ಟೆ, ಚಪ್ಪಲಿ ಸಮೇತ.

ಸಂಪಾಜೆ ಘಾಟಿ

ಹೆಂಗಸರು ಸರಿಯಾದ ತೂಕ ಹೇಳುವುದುಂಟಾ?

ಗೋಣಿಕೊಪ್ಪ ಅಕ್ಕ

ಗಂಡಸರು ಹೇಳ್ತಾರಾ? ನಮ್ಮ ಮನೆಯವರು ಹತ್ತು ವರ್ಷದಿಂದ 80 ಅಂತಲೇ ಹೇಳ್ತಿದ್ದಾರೆ.

ಅಮ್ಮತ್ತಿ ತೋಟ

ಎರಡು ದಿನ ಬರಕ್ಕಾಗಲಿಲ್ಲ, ಅರೇಬಿಕಾ ಕುಯ್ಲು ನಡೀತಿದೆ. ನೀವು ಹೇಳಿದ್ದೆಲ್ಲ ಮಾಡಿದೆವು.

ನಿನ್ನೆ ಸಂಜೆ ಹಣ್ಣು ತೂಗುವ ತಕ್ಕಡಿ ಖಾಲಿಯಾದ ಮೇಲೆ ಕಣದಲ್ಲೇ ಎಲ್ಲರನ್ನೂ ತೂಗಿದೆವು. ಅವ್ವನನ್ನ ಪ್ಲಾಸ್ಟಿಕ್ ಕುರ್ಚಿ ಸಮೇತ ಎತ್ತಿ ಇಟ್ಟು, ಕುರ್ಚಿ ತೂಕ ಕಳೆದೆವು: 62. ಅಣ್ಣ 96, ಅತ್ತಿಗೆ 71, ನಾನು 84, ನನ್ನ ಹೆಂಡತಿ 68, ಮಗ 78. ಒಟ್ಟು 459. ಆಮೇಲೆ ಸಾಮಾನು, 168 ಕೆಜಿ! ಟ್ರಂಕು ಒಂದೇ 31, ಅದರಲ್ಲಿ ಖಾಲಿ ತಗಡೇ 12. ವೀಲ್‌ಚೇರ್ 17.

ಬಿದಿರು ಗಳವನ್ನ ಸ್ಟೋರಿನ ಕಂಬಕ್ಕೆ ಕಟ್ಟಿದೆವು. ಅವ್ವ ವಾಕರ್ ಬಿಟ್ಟು, ನನ್ನ ಮಗನ ಕೈ ಹಿಡಿದು ನಡೆದರು. ಕುತ್ತಿಗೆ ಒಂಚೂರು ತಗ್ಗಿಸಿದರು ಅಷ್ಟೆ, ಗಳ ಅವರ ತಲೆಗೆ ತಾಗಲೇ ಇಲ್ಲ. ಅವರ ಎತ್ತರ ನಾಲ್ಕು ಅಡಿ ಹತ್ತು ಇಂಚು. "ನಮ್ಮ ಹಿರಿಯರ ಐನ್‌ಮನೆ ಬಾಗಿಲು ಇದಕ್ಕಿಂತ ತಗ್ಗು" ಅಂದರು. ಅಣ್ಣ ಆರಡಿ, ರೆಜಿಮೆಂಟಿನಲ್ಲಿ ಬೆನ್ನು ನೆಟ್ಟಗೆ ಇಟ್ಟು ಅಭ್ಯಾಸ. ಅವರು ಎರಡು ಗಳದ ನಡುವೆ ನೇರವಾಗಲು ಹೋಗಿ ತಲೆ ಬಡಿದುಕೊಂಡರು. ನಾವು ಅವ್ವನ ಬಗ್ಗೆಯೇ ಯೋಚನೆ ಮಾಡ್ತಿದ್ದೆವು, ಕಷ್ಟ ಇರೋದು ಅಣ್ಣನಿಗೆ.

ಪೊನ್ನಂಪೇಟೆ ಫಿಸಿಯೊ

ಓದಿ ತುಂಬಾ ಖುಷಿಯಾಯ್ತು. ಅವ್ವನಿಗೆ ಮುಂದಕ್ಕೆ ಮುಖ ಮಾಡಿದ ಸೀಟೇ ಕೊಡಿ, ಎದುರುಬದುರು ಸೀಟಲ್ಲಿ ಹಿಂದಕ್ಕೆ ಮುಖ ಮಾಡಿ ಕೂರೋದು ಅಣ್ಣ. ಹೊರಡೋ ದಿನದವರೆಗೆ ಮೂರು ಮೆಟ್ಟಿಲು ಹತ್ತಿ ಇಳಿಯೋದು ದಿನಾ ಮಾಡಿಸಿ.

ಜಕ್ಕೂರು ಕಲಿಕೆ

ಸಿ90ಕ್ಕೆ ಲೆಕ್ಕ ಬಿಗಿ ಇದೆ ಅಣ್ಣ. ಟ್ಯಾಂಕು ಪೂರ್ತಿ ತುಂಬಿದರೆ ಇಂಧನವೇ 1,100 ಕೆಜಿ ದಾಟುತ್ತೆ, ಆಗ ನಿಮ್ಮಲ್ಲಿ ಅರ್ಧ ಜನ ಮೈಸೂರಲ್ಲೇ ಉಳೀಬೇಕು. ಪುಣೆ ನೇರ ದಾರಿಯಲ್ಲಿ 750 ಕಿ.ಮೀ. ಹತ್ತಿರ, ಪೂರ್ತಿ ತುಂಬಿಸೋದು ಬೇಡ. ಆದರೆ ಬೇರೆ ಊರಿಗೆ ತಿರುಗಿಸಬೇಕಾಗಿ ಬಂದರೆ ಬೇಕಾಗುವ ಇಂಧನ ಬಿಡೋ ಹಾಗಿಲ್ಲ. ಇಬ್ಬರು ಪೈಲಟ್‌ಗಳ ತೂಕವೂ ಸೇರಬೇಕು. 168 ಕೆಜಿ ಸಾಮಾನು ಆಗಲ್ಲ ಅಂತಲೇ ನನಗೆ ಅನಿಸುತ್ತೆ.

ಬೆಳಿಗ್ಗೆಯೇ ಹೊರಡಿ. ಮೈಸೂರು ರನ್‌ವೇ 1,740 ಮೀಟರ್, ಸಮುದ್ರಮಟ್ಟದಿಂದ 730 ಮೀಟರ್ ಎತ್ತರ. ಮಧ್ಯಾಹ್ನ 30 ಡಿಗ್ರಿ ಬಿಸಿಲಲ್ಲಿ ಗಾಳಿ ಹಗುರಾಗಿ, ವಿಮಾನಕ್ಕೆ ಅದು 1,400 ಮೀಟರ್ ಎತ್ತರದ ಜಾಗ ಇದ್ದ ಹಾಗೆ. ಅಂದರೆ ಮಡಿಕೇರಿಗಿಂತ ಮೇಲೆ.

ನಿವೃತ್ತ ವಾಯುಸೈನಿಕ

ಪುಣೆ ವಾಯುಪಡೆಯ ನೆಲೆ. ಇಳಿಯುವ ಸಮಯ ಖಾತ್ರಿಯಾಗಿದೆಯಾ ಅಂತ ಬರವಣಿಗೆಯಲ್ಲಿ ತಗೊಳ್ಳಿ. ಬಾಡಿಗೆ ಓಡಿಸುವ ಪರವಾನಗಿ ಇರುವವರೇ ಆಗಿರಬೇಕು. ಸ್ನೇಹಿತರ ಖಾಸಗಿ ವಿಮಾನಕ್ಕೆ ದುಡ್ಡು ಕೊಟ್ಟು ಹೋಗುವುದು ಕಾನೂನಲ್ಲಿ ಇಲ್ಲ, ಏನಾದರೂ ಆದರೆ ವಿಮೆಯವರು ಕೈಯೆತ್ತುತ್ತಾರೆ.

ಅಮ್ಮತ್ತಿ ತೋಟ

ಈಗಷ್ಟೇ ಫೋನ್ ಮುಗಿಸಿದೆ. ಏಜೆಂಟ್ ಬಿಟ್ಟು ನೇರವಾಗಿ ವಿಮಾನದವರ ಹತ್ತಿರವೇ ಮಾತಾಡಿದೆ. ತೂಕದ ಪಟ್ಟಿ ಓದಿದ ಕೂಡಲೇ ಆ ಕಡೆಯವರ ದನಿಯೇ ಬದಲಾಯ್ತು, ಪೈಲಟ್‌ಗೇ ಕೊಟ್ಟರು. ಸಿ90ರಲ್ಲಿ ಸಾಮಾನು 70 ಕೆಜಿಗೆ ಇಳಿಸಿದರೆ ಮಾತ್ರ ಬರ್ತೀವಿ ಅಂದರು. ಪಿಸಿ-12ರಲ್ಲಿ 112 ಕೆಜಿಗೆ ಒಪ್ಪಿದರು, ಹಿಂದೆ ಬಲೆ ಹಾಕಿ ಕಟ್ಟುತ್ತಾರಂತೆ, ಟಾಯ್ಲೆಟ್ ಮುಂದೆ ಇದೆ, ಫೋಟೋ ಕಳಿಸಿದರು. ಕತ್ತಿಯನ್ನ ಬೀಗದ ಪೆಟ್ಟಿಗೆಯಲ್ಲಿ ಹಾಕಿ ಮುಂಚೆಯೇ ಅನುಮತಿ ಕೇಳ್ತೀವಿ ಅಂದಿದ್ದಾರೆ.

ಪಿಲಾಟಸ್ ಅಂತ ತೀರ್ಮಾನ ಮಾಡಿದೆವು. ಒಂದೇ ಎಂಜಿನ್ ಅಂತ ಅಣ್ಣ ಸ್ವಲ್ಪ ಗೊಣಗಿದರು, ಅವ್ವ ಸುಮ್ಮನಿರು ಅಂದರು. ಸೀರೆಯನ್ನೆಲ್ಲ ಬೆಡ್‌ಶೀಟಲ್ಲಿ ಸುತ್ತಿ ಮೆತ್ತನೆ ಬ್ಯಾಗಿಗೆ ಹಾಕಿದ್ದೀವಿ. ಖಾಲಿ ಟ್ರಂಕು ಇಲ್ಲೇ. ಕಾಫಿಪುಡಿ, ಮೆಣಸು, ವೈನ್ ನಾಳೆ ರಸ್ತೆ ಮೇಲೆ ಹೊರಡುತ್ತೆ, ಸಂಪಾಜೆಯವರೇ, ನಿಮ್ಮ ಕಡೆ ಯಾರಾದರೂ ಪುಣೆಗೆ ಲೋಡು ಹೋಗುವವರಿದ್ದರೆ ಹೇಳಿ.

ಸಂಪಾಜೆ ಘಾಟಿ

ಇದ್ದಾರೆ. ಗುರುವಾರ ಹೊರಡ್ತಾರೆ. ವೈನ್ ಬಾಟಲಿ ನಿಲ್ಲಿಸಿ ಕಟ್ಟಿ ಕೊಡಿ, ಮುಂದೆ ಕ್ಯಾಬಿನ್‌ನಲ್ಲೇ ಇಡಿಸ್ತೇನೆ.

ಗೋಣಿಕೊಪ್ಪ ಅಕ್ಕ

ಅವ್ವನಿಗೆ ಕಿವಿಗೆ ಹತ್ತಿ, ಬಾಯಿಗೆ ಒಂದೆರಡು ಏಲಕ್ಕಿ ಇಟ್ಟುಕೊಳ್ಳಿ. ಕಿಟಕಿ ಪಕ್ಕ ಕೂರಿಸಿ ತಮ್ಮಾ, ಹೊಳೆ ಕಾಣಿಸಲಿ.